ಟಿಸಿಲೊಡೆದ ಕಥೆ, ಇಬ್ಭಾಗವಾದ ನೋಡುಗರು

(ಮನ್ನಾಏಖೇಳ್ಳಿಯ ದತ್ತಿ ಉಪನ್ಯಾಸದ ಮುದ್ರಿತ ಪಾಠ)



2018ರಲ್ಲಿ ಕನ್ನಡ ನಾಡಿನ ಎಷ್ಟೋ ಮನೆಗಳಿಗೆ ಒಬ್ಬ ಹೆಣ್ಣುಮಗಳ ಚಿಂತೆ ಹತ್ತಿತ್ತು. ಕಲರ್ಸ್ ಕನ್ನಡ ವಾಹಿನಿಯ ‘ಪುಟ್ಟಗೌರಿ ಮದುವೆ’ಯ ಗೌರಿ ಎತ್ತರದಿಂದ ಬಿದ್ದು ಕಾಡುಪಾಲಾಗಿದ್ದಳು. ಹಾವು ಬಂತು, ಹುಲಿ ಬಂತು, ಗೌರಿ ಮಾತ್ರ ಉಳಿದುಕೊಂಡಳು. ಮೊಬೈಲಿನಿಂದ ಮೊಬೈಲಿಗೆ ನಗೆಚಿತ್ರಗಳು ಹಾರಾಡಿದವು. ಗೌರಿಯ ಪಾತ್ರ ಮಾಡುತ್ತಿದ್ದ ರಂಜನಿ ರಾಘವನ್ ಅವರ ಮುಖ ಧಾರಾವಾಹಿ ನೋಡದವರಿಗೂ ಪರಿಚಯವಾಯಿತು. ನಕ್ಕವರು ಬಹಳ ಜನ. ಹಾಗೆಯೇ ಒಲೆ ಮೇಲಿನ ಸಾರು ಇಳಿಸಿಟ್ಟು, ಗೌರಿ ಇವತ್ತು ಮನೆ ಮುಟ್ಟುತ್ತಾಳೋ ಇಲ್ಲವೋ ಎಂದು ಟೀವಿ ಮುಂದೆ ಕೂತವರೂ ಬಹಳ ಜನ. ಇಬ್ಬರೂ ನೋಡುಗರೇ.

ಆ ಧಾರಾವಾಹಿ ಶುರುವಾದದ್ದು 2012ರ ಡಿಸೆಂಬರಿನಲ್ಲಿ, ವಾಹಿನಿಗೆ ಇನ್ನೂ ಈಟಿವಿ ಕನ್ನಡ ಎಂಬ ಹೆಸರಿದ್ದ ಕಾಲದಲ್ಲಿ. ಅದಕ್ಕೆ ಮೂಲ 2008ರ ಜುಲೈನಲ್ಲಿ ಬಂದ ಹಿಂದಿಯ ‘ಬಾಲಿಕಾ ವಧು’. ಆಡುವ ವಯಸ್ಸಿನಲ್ಲಿ ತಾಳಿ ಕಟ್ಟಿಸಿಕೊಂಡ ಹುಡುಗಿಯ ಕಥೆ. ವರ್ಷಗಟ್ಟಲೆ ನಡೆದ ಆ ಕಥೆಯ ಬುಡದಿಂದಲೇ ಮುಂದೆ ‘ಮಂಗಳಗೌರಿ ಮದುವೆ’ ಹುಟ್ಟಿತು. ಕಾವ್ಯಶ್ರೀ ಗೌಡ ಮಂಗಳಗೌರಿಯಾದರು, ಗಗನ್ ಚಿನ್ನಪ್ಪ ರಾಜೀವನಾದರು. ಹೆಸರಿನಲ್ಲಿ ಗೌರಿ ಉಳಿದಳು, ಮದುವೆಯೂ ಉಳಿಯಿತು. ಆದರೆ ಗೌರಿ ಬೇರೆ, ಮದುವೆ ಬೇರೆ.

ಅಲ್ಲಿಂದ ಮನೆಯೊಳಗೇ ಎರಡು ಪಕ್ಷ. “ನಮ್ಮ ಗೌರಿನೇ ಇಲ್ಲಂದ್ರ ಯಾಕ ನೋಡಬೇಕ್ರಿ?” ಎಂಬುದು ಅತ್ತಿಯ ಮಾತು. “ಹೊಸ ಹುಡುಗಿನೂ ಛಲೋ ಮಾಡ್ಯಾಳ ಅತ್ತಿ, ನಾಲ್ಕು ದಿನ ನೋಡರಿ, ಆಮ್ಯಾಲ ಬೈರಿ” ಎಂಬುದು ಸೊಸೆಯ ಮಾತು. ಈ ಎರಡು ಮಾತುಗಳನ್ನು ಕೇಳದ ಓಣಿ ಬೀದರ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಇಂದಿನ ಉಪನ್ಯಾಸದ ವಿಷಯ ಈ ಜಗಳವೇ. ಮುಗಿದ ಅಥವಾ ಇನ್ನೂ ನಡೆಯುತ್ತಿರುವ ಕಥೆಯಿಂದ ಇನ್ನೊಂದು ಕಥೆ ಕವಲೊಡೆದಾಗ, ಅದರ ಮೊದಲ ದಿನವೇ ನೋಡುಗರು ಯಾಕೆ ಎರಡಾಗುತ್ತಾರೆ?

ಇಂಥ ಕಥೆಗೆ ಇಂಗ್ಲಿಷಿನಲ್ಲಿ ಸ್ಪಿನ್-ಆಫ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಟಿಸಿಲು ಎಂಬ ಮಾತು ಸಾಕು. ತೊಗರಿ ಬೆಳೆಯುವ ಈ ಸೀಮೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತಿದ ಒಂದೂವರೆ ಎರಡು ತಿಂಗಳಿಗೆ ಗಿಡದ ಕುಡಿ ಚಿವುಟಿದರೆ ಮಗ್ಗುಲಿನಿಂದ ಟಿಸಿಲು ಒಡೆಯುತ್ತವೆ, ಕಾಯಿ ಹೆಚ್ಚು ಕಟ್ಟುತ್ತವೆ. ಚಿವುಟುವುದು ತಡವಾದರೆ ಅಷ್ಟು ಫಲವಿಲ್ಲ. ಕಥೆಗೂ ಹಾಗೆಯೇ ಒಂದು ಹದ ಇರುತ್ತದೆ.

ಈ ಜಗಳ ಇಲ್ಲಿಯದಷ್ಟೇ ಅಲ್ಲ. 2015ರ ಆಗಸ್ಟ್ 23ರ ಭಾನುವಾರ ರಾತ್ರಿ ಅಮೆರಿಕದ ಎಎಂಸಿ ವಾಹಿನಿಯಲ್ಲಿ ‘ಫಿಯರ್ ದ ವಾಕಿಂಗ್ ಡೆಡ್’ ಎಂಬ ಧಾರಾವಾಹಿಯ ಮೊದಲ ಕಂತು ಬಂತು. ಅದು 2010ರ ಅಕ್ಟೋಬರ್ 31ರಂದು ಶುರುವಾಗಿದ್ದ ‘ದ ವಾಕಿಂಗ್ ಡೆಡ್’ನ ಟಿಸಿಲು. ಎರಡೂ ಜೋಂಬಿಗಳ ಕಥೆ. ಜೋಂಬಿ ಎಂದರೆ ಸತ್ತ ಮೇಲೆ ಎದ್ದು, ನೆನಪಿಲ್ಲದೆ, ಮಾತಿಲ್ಲದೆ, ಜೀವಂತ ಮನುಷ್ಯರ ಮಾಂಸಕ್ಕಾಗಿ ನಡೆದಾಡುವ ಹೆಣ. ಸಿನಿಮಾದಲ್ಲಿ ಅದಕ್ಕೆ ಇಂದಿನ ರೂಪ ಕೊಟ್ಟವನು ಜಾರ್ಜ್ ರೊಮೆರೊ, 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ನಲ್ಲಿ. ರಾಬರ್ಟ್ ಕರ್ಕ್‌ಮನ್ 2003ರಲ್ಲಿ ಅದೇ ಬಗೆಯ ಹೆಣಗಳನ್ನಿಟ್ಟುಕೊಂಡು ಕಾಮಿಕ್ ಪುಸ್ತಕಮಾಲೆ ಶುರುಮಾಡಿದ. ಧಾರಾವಾಹಿ ಬೆಳೆದದ್ದು ಅದರಿಂದ.

ಮೂಲ ಧಾರಾವಾಹಿಯ ನಾಯಕ ರಿಕ್ ಗ್ರೈಮ್ಸ್ ಎಂಬ ಪೊಲೀಸ್ ಅಧಿಕಾರಿ. ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದವನು ಎದ್ದು ನೋಡಿದರೆ ಲೋಕವೇ ಮುಗಿದುಹೋಗಿದೆ. ಅವನು ಮಲಗಿದ್ದ ದಿನಗಳಲ್ಲಿ ಊರು ಹೇಗೆ ಕುಸಿಯಿತು ಎಂಬುದನ್ನು ಆ ಕಥೆ ವಿವರವಾಗಿ ತೋರಿಸಿರಲಿಲ್ಲ. ಟಿಸಿಲು ಹುಟ್ಟಿದ್ದು ಆ ಬಿಟ್ಟ ಜಾಗದಲ್ಲಿ.

ಮೊದಲ ದೃಶ್ಯ ಹೀಗಿದೆ. ಲಾಸ್ ಏಂಜಲೀಸಿನ ಪಾಳುಬಿದ್ದ ಚರ್ಚು, ಅಮಲಿನವರು ಸೇರುವ ತಾಣ. ನಿಕ್ ಎಂಬ ಹುಡುಗ ಮತ್ತು ಇಳಿಯದ ಕಣ್ಣುಗಳಲ್ಲಿ ಏಳುತ್ತಾನೆ. ಪಕ್ಕದಲ್ಲಿದ್ದ ಗ್ಲೋರಿಯಾ ಇಲ್ಲ. ಅವಳ ಹೆಸರು ಕೂಗುತ್ತಾ ಇಳಿದು ಬರುತ್ತಾನೆ. ನೆಲದಲ್ಲಿ ರಕ್ತ. ಗ್ಲೋರಿಯಾ ಬಗ್ಗಿ ಕೂತು ಏನನ್ನೋ ತಿನ್ನುತ್ತಿದ್ದಾಳೆ. ಅದು ಮನುಷ್ಯನ ದೇಹ. ನಿಕ್ ಓಡುತ್ತಾನೆ, ಬೀದಿಗೆ ಬರುತ್ತಾನೆ, ಕಾರಿಗೆ ಸಿಕ್ಕಿ ಬೀಳುತ್ತಾನೆ. ಆಗ ಕ್ಯಾಮೆರಾ ಮೇಲೇರುತ್ತದೆ. ಇಡೀ ನಗರ ಕಾಣುತ್ತದೆ, ಎಂದಿನಂತೆ, ಅದರದೇ ಗದ್ದಲದಲ್ಲಿ. ಏನಾಗಿದೆ ಎಂಬುದು ಒಬ್ಬ ಹುಡುಗನಿಗೆ ಮಾತ್ರ ಗೊತ್ತು, ಅವನು ವ್ಯಸನಿ. ಅವನ ಮಾತನ್ನು ನಂಬುವವರು ಯಾರು?

ಆಮೇಲೆ ಒಂದು ಗಂಟೆ ನಡೆಯುವುದು ಬಹುಪಾಲು ಸಂಸಾರದ ಕಥೆ. ನಿಕ್‌ನ ತಾಯಿ ಮ್ಯಾಡಿಸನ್ ಶಾಲೆಯಲ್ಲಿ ಮಕ್ಕಳಿಗೆ ಸಲಹೆ ಕೊಡುವಾಕೆ. ಅವಳ ಜೊತೆಗಾರ ಟ್ರಾವಿಸ್ ಅದೇ ಶಾಲೆಯ ಮೇಷ್ಟ್ರು, ಅವನಿಗೆ ಮೊದಲ ಹೆಂಡತಿಯಿಂದ ಒಬ್ಬ ಮಗನಿದ್ದಾನೆ, ಆ ಮಗನಿಗೆ ತಂದೆಯ ಹೊಸ ಮನೆ ಬೇಡ. ಶಾಲೆಗೆ ಚಾಕು ತಂದ ಹುಡುಗನೊಬ್ಬ, ಏನೋ ಬರುತ್ತಿದೆ, ಜನ ಸಾಯುತ್ತಿದ್ದಾರೆ ಎನ್ನುತ್ತಾನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎದ್ದ ಹೆಣಗಳು ಆ ಕಂತಿನಲ್ಲಿ ಎಷ್ಟು ಎಂದು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು.

ಆ ರಾತ್ರಿ ನೋಡಿದವರು 1 ಕೋಟಿ 1 ಲಕ್ಷ ಜನ. ಅಮೆರಿಕದ ಕೇಬಲ್ ಟೀವಿಯಲ್ಲಿ ಅಲ್ಲಿಯವರೆಗೆ ಯಾವ ಧಾರಾವಾಹಿಯ ಮೊದಲ ಕಂತಿಗೂ ಅಷ್ಟು ಜನ ಕೂತಿರಲಿಲ್ಲ. ಕೂತವರು ಎರಡು ಗುಂಪಾದರು. ಹೆಣಗಳೆಲ್ಲಿ, ಐದು ವರ್ಷದಿಂದ ನೋಡುತ್ತಿರುವವರಿಗೆ ಗೊತ್ತಿರುವುದನ್ನು ಇವರು ಯಾವಾಗ ಕಂಡುಕೊಳ್ಳುತ್ತಾರೆ ಎಂದು ಬೇಸತ್ತವರು ಒಂದು ಗುಂಪು. ಗೊತ್ತಿರುವುದರಿಂದಲೇ ಭಯ ಹೆಚ್ಚು, ಆ ತಾಯಿ ಏನೂ ತಿಳಿಯದೆ ಅಡುಗೆಮನೆಯಲ್ಲಿ ನಿಂತಿರುವುದನ್ನು ನೋಡಲಾಗದು ಎಂದವರು ಇನ್ನೊಂದು ಗುಂಪು. ಇದರ ನಡುವೆ ಒಂದು ಗಂಭೀರ ಆಕ್ಷೇಪವೂ ಬಂತು. ಮೊದಲ ಕಂತುಗಳಲ್ಲಿ ಸತ್ತು ಹೆಣವಾಗುವ ಹೆಸರುಳ್ಳ ಪಾತ್ರಗಳು ಕರಿಯರೇ ಯಾಕೆ ಎಂದು ಅಲ್ಲಿನ ವಿಮರ್ಶಕರು ಕೇಳಿದರು. ಬರೀ ಮನರಂಜನೆ ಎಂದು ತಳ್ಳಿಹಾಕುವ ಜಾಗದಲ್ಲಿ ಅಂಥ ಪ್ರಶ್ನೆ ಎದ್ದದ್ದು ಒಳ್ಳೆಯದೇ.

ಮುಂದಿನ ಲೆಕ್ಕವನ್ನೂ ನೋಡಬೇಕು. 2016ರ ಏಪ್ರಿಲಿನಲ್ಲಿ ಎರಡನೇ ಸರಣಿ ಶುರುವಾದಾಗ ನೋಡುಗರು 67 ಲಕ್ಷದ ಆಸುಪಾಸಿಗೆ ಇಳಿದಿದ್ದರು. ಬೇಸತ್ತವರು ಎದ್ದು ಹೋಗಿದ್ದರು. ಉಳಿದವರು ಅದರ ಮೂರನೇ ಸರಣಿಯನ್ನು ಇವತ್ತಿಗೂ ಹೊಗಳುತ್ತಾರೆ. ನಾಲ್ಕನೆಯದರಲ್ಲಿ ಮೂಲ ಕಥೆಯ ಮಾರ್ಗನ್ ಎಂಬ ಪಾತ್ರವನ್ನು ತಂದು ಸೇರಿಸಿದಾಗ ಮತ್ತೆ ಒಡಕು. ಈ ಸಲ ಅಸಮಾಧಾನಗೊಂಡವರು ಮೊದಲು ಮೆಚ್ಚಿದ್ದವರು. ಟಿಸಿಲು ತಾನಾಗಿ ಬೇರು ಬಿಟ್ಟ ಮೇಲೆ ಮತ್ತೆ ತಾಯಿಗಿಡಕ್ಕೆ ಕಟ್ಟಿದ್ದು ಅವರಿಗೆ ಸೇರಲಿಲ್ಲ. ಹಾಗೂ ಹೀಗೂ ಎಂಟು ಸರಣಿ, 113 ಕಂತು ನಡೆದು 2023ರ ನವೆಂಬರಿನಲ್ಲಿ ಅದು ಮುಗಿಯಿತು. ತಾಯಿ ಧಾರಾವಾಹಿ ಅದಕ್ಕಿಂತ ಒಂದು ವರ್ಷ ಮೊದಲೇ ಮುಗಿದಿತ್ತು.

ಟಿಸಿಲೊಡೆದ ಕಥೆ ನಮ್ಮಲ್ಲೂ ಹಳೆಯದು. ಅಮೆರಿಕದಿಂದ ಬಸವಕಲ್ಯಾಣಕ್ಕೆ, ಅಂದರೆ ಹಿಂದಿನ ಕಲ್ಯಾಣಕ್ಕೆ ಬರೋಣ.

ಕಲ್ಯಾಣದ ಚಾಲುಕ್ಯರು ಎಂದು ಹೆಸರಾದ ಮನೆತನದ ಆಸ್ಥಾನದಲ್ಲಿ ಕವಿ ರನ್ನನಿದ್ದ. ತೈಲಪ ಮತ್ತು ಅವನ ಮಗ ಸತ್ಯಾಶ್ರಯ ಅವನಿಗೆ ಆಶ್ರಯ ಕೊಟ್ಟವರು. ರಾಜಧಾನಿ ಕಲ್ಯಾಣಕ್ಕೆ ಬಂದದ್ದು ರನ್ನನ ಕಾಲದ ನಂತರ, ಆದರೆ ಮನೆತನ ಇದೇ. ರನ್ನನಿಗಿಂತ ಮೊದಲು, 941ರ ಸುಮಾರಿಗೆ, ಪಂಪ ಇಡೀ ಮಹಾಭಾರತವನ್ನು ‘ವಿಕ್ರಮಾರ್ಜುನ ವಿಜಯ’ವಾಗಿ ಹೇಳಿ ಮುಗಿಸಿದ್ದ. ಅದರ ಹದಿಮೂರನೇ ಆಶ್ವಾಸದಲ್ಲಿ ಭೀಮ ದುರ್ಯೋಧನರ ಗದಾಯುದ್ಧವಿದೆ. ರನ್ನ ಆ ಒಂದು ಕುಡಿ ಹಿಡಿದು ಹತ್ತು ಆಶ್ವಾಸಗಳ ‘ಗದಾಯುದ್ಧ’ ಬರೆದ. ಕೊನೆಯ ದಿನದಲ್ಲಿ ನಿಂತು ಹಿಂದಿನದೆಲ್ಲವನ್ನೂ ತಿರುಗಿ ನೋಡುವ ಕಾವ್ಯ ಅದು. ಕನ್ನಡದಲ್ಲಿ ಟಿಸಿಲೊಡೆದ ಕಥೆಗೆ ಅದಕ್ಕಿಂತ ದೊಡ್ಡ ಉದಾಹರಣೆ ಹುಡುಕಬೇಕಾಗಿಲ್ಲ.

ಅದರೊಳಗಿನ ಒಂದು ಭಾಗವನ್ನು ಈಗ ನೆನೆಯಬೇಕು. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದುಹೋಗುತ್ತಾನೆ. ಕಾಲಿಟ್ಟಲ್ಲೆಲ್ಲ ಹೆಣ. ರಕ್ತದಲ್ಲಿ ಕಾಲು ಜಾರುತ್ತದೆ. ಮರುಳುಗಳು, ಅಂದರೆ ಹೆಣ ತಿನ್ನಲು ಬಂದ ಭೂತಗಣ, ಅರಸನನ್ನು ಹಂಗಿಸುತ್ತವೆ. ದ್ರೋಣ, ದುಶ್ಶಾಸನ, ಕರ್ಣ, ತನ್ನ ಮಗ ಲಕ್ಷಣಕುಮಾರ, ಒಬ್ಬೊಬ್ಬರ ಶವದ ಮುಂದೆಯೂ ಅವನು ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ಸತ್ತವರ ನಡುವೆ ಬದುಕಿದವನು ನಡೆಯುವ ಕಥೆ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ರನ್ನನ ಹೆಣಗಳು ಎದ್ದು ಬರುವುದಿಲ್ಲ, ಆದರೆ ದುರ್ಯೋಧನನನ್ನು ಬಿಡುವುದೂ ಇಲ್ಲ.

ಓದುಗರು ಅಲ್ಲಿಯೂ ಎರಡಾದರು. ರನ್ನ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದವನು. ಕಾವ್ಯಕ್ಕೆ ‘ಸಾಹಸಭೀಮ ವಿಜಯ’ ಎಂಬ ಹೆಸರೂ ಇದೆ. ಹಾಗಿದ್ದೂ ಓದಿದವರ ಮನಸ್ಸು ದುರ್ಯೋಧನನ ಕಡೆಗೆ ಹರಿಯಿತು. ನಾಯಕ ಯಾರು ಎಂಬ ವಾದ ಇಪ್ಪತ್ತನೇ ಶತಮಾನದ ಕನ್ನಡ ವಿಮರ್ಶೆಯಲ್ಲಿ ದಶಕಗಳ ಕಾಲ ನಡೆಯಿತು. ಬಿ.ಎಂ. ಶ್ರೀಕಂಠಯ್ಯನವರು ಅದನ್ನೇ ‘ಗದಾಯುದ್ಧ ನಾಟಕಂ’ ಆಗಿ ರಂಗಕ್ಕೆ ತಂದು ದುರ್ಯೋಧನನನ್ನು ದುರಂತನಾಯಕನಾಗಿ ನಿಲ್ಲಿಸಿದರು. ಪಂಡಿತರ ಭಿನ್ನಾಭಿಪ್ರಾಯಕ್ಕೆ ವಿಮರ್ಶೆ ಎಂಬ ಹೆಸರು, ಅತ್ತೆ ಸೊಸೆಯರ ಭಿನ್ನಾಭಿಪ್ರಾಯಕ್ಕೆ ಕಟ್ಟೆ ಹರಟೆ ಎಂಬ ಹೆಸರು. ಈ ಭೇದ ನ್ಯಾಯವಲ್ಲ. ಎರಡರಲ್ಲೂ ಕೇಳುತ್ತಿರುವ ಪ್ರಶ್ನೆ ಒಂದೇ: ಇದು ಯಾರ ಕಥೆ?

ಮಾತನಾಡುವ ಹೆಣವೂ ಕನ್ನಡದ ಮಕ್ಕಳಿಗೆ ಹೊಸದಲ್ಲ. ‘ಚಂದಮಾಮ’ ಮಾಸಿಕದಲ್ಲಿ ತ್ರಿವಿಕ್ರಮ ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆಯುವ ಚಿತ್ರ, ಶಂಕರ್ ಎಂದು ಹೆಸರಾದ ಕೆ.ಸಿ. ಶಿವಶಂಕರನ್ ಬರೆದದ್ದು, ಒಂದು ಕಾಲದ ಶಾಲಾ ಮಕ್ಕಳ ಕಣ್ಣಲ್ಲಿ ಇನ್ನೂ ಇದೆ. ಆ ಶವದೊಳಗಿನ ಬೇತಾಳ ಸಂಸ್ಕೃತದಲ್ಲಿ ಹೇಳಿದ್ದು 25 ಕಥೆ. ಚಂದಮಾಮದ ಬೇತಾಳ ತಿಂಗಳು ತಿಂಗಳು ಹೊಸ ಕಥೆ ಹೇಳುತ್ತಾ ದಶಕಗಳನ್ನು ಕಳೆದ. ಅಲ್ಲಿ ಯಾರೂ ದೂರಲಿಲ್ಲ, ಯಾಕೆಂದರೆ ಮರ, ಹೆಣ, ಹೆಗಲು, ಮೌನ ಮುರಿಯುವ ಪ್ರಶ್ನೆ ಒಂದೂ ಬದಲಾಗಲಿಲ್ಲ. ಪರಿಚಿತವಾದದ್ದು ಕೈಯಲ್ಲಿದ್ದರೆ ಹೊಸದನ್ನು ಜನ ಸಂತೋಷದಿಂದಲೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಮಂಗಳಗೌರಿಯ ಮೊದಲ ದಿನಗಳಲ್ಲಿ ಮುನಿದವರ ಕೈಯಿಂದ ತಪ್ಪಿದ್ದು ಅದೇ. ಹೆಸರು ಉಳಿಸಿ ಮುಖ ಬದಲಿಸಿದ್ದರು.

ಧಾರಾವಾಹಿ ನಿರ್ದೇಶಕ ಟಿ.ಎನ್. ಸೀತಾರಾಂ ಅವರು ಇದಕ್ಕೆ ಬೇರೊಂದು ದಾರಿ ಹುಡುಕಿದರು. ಅವರ ಧಾರಾವಾಹಿಗಳ ವಕೀಲ ಸಿ.ಎಸ್.ಪಿ. ‘ಮುಕ್ತ’ದಲ್ಲಿ ಇದ್ದರು, ‘ಮುಕ್ತ ಮುಕ್ತ’ದಲ್ಲಿ ಇದ್ದರು, 2018ರಲ್ಲಿ ಶುರುವಾದ ‘ಮಗಳು ಜಾನಕಿ’ಯಲ್ಲೂ ಕರಿಕೋಟು ಹಾಕಿಕೊಂಡು ನ್ಯಾಯಾಲಯಕ್ಕೆ ಬಂದರು. ಕಥೆ ಬೇರೆ, ಸಂಸಾರ ಬೇರೆ, ಆದರೆ ಆ ವಕೀಲರು ಬಂದ ಕೂಡಲೆ ಮನೆಯವರೇ ಬಂದಂತೆ. 1998ರಲ್ಲಿ ಚಂದನ ವಾಹಿನಿಯಲ್ಲಿ ಬಂದ ‘ಮಾಯಾಮೃಗ’ವನ್ನು ಅವರು ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜೊತೆ ಸೇರಿ ನಿರ್ದೇಶಿಸಿದ್ದರು. 24 ವರ್ಷಗಳ ನಂತರ, 2022ರಲ್ಲಿ, ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ಬಂದಾಗ ಹಳೆಯ ನೋಡುಗರ ತಲೆ ಬೆಳ್ಳಗಾಗಿತ್ತು. ಅವರ ಮಕ್ಕಳಿಗೆ ಅದು ಎಲ್ಲ ಧಾರಾವಾಹಿಗಳಂತೆ ಇನ್ನೊಂದು. ಕಣ್ಣು ತುಂಬಿಕೊಂಡ ತಾಯಿ, ಇವರು ಯಾರು ಎಂದು ಕೇಳುವ ಮಗ: ಒಂದೇ ಸೋಫಾದ ಮೇಲೆ ಆ ಇಬ್ಬರು.

ಸೀತಾರಾಂ ಇನ್ನೊಂದು ಕೆಲಸ ಮಾಡಿದರು, ಅದು ಇದಕ್ಕಿಂತಲೂ ದೊಡ್ಡದು. ‘ಮುಕ್ತ ಮುಕ್ತ’ ನಡೆಯುತ್ತಿದ್ದಾಗ ಊರೂರಿಗೆ ಹೋಗಿ ನೋಡುಗರನ್ನು ಸೇರಿಸಿ ಸಂವಾದ ನಡೆಸಿದರು. ಜನ ಎದ್ದು ನಿಂತು ಕೇಳಿದರು, ಹೊಗಳಿದರು, ಈ ಪಾತ್ರ ಹೀಗೆ ಮಾಡಬಾರದಿತ್ತು ಎಂದರು. ಕಥೆ ಕಟ್ಟುವವನು ಕಥೆ ನೋಡುವವರ ಎದುರು ನಿಂತು ಕಿವಿಗೊಟ್ಟದ್ದು ಕನ್ನಡ ಟೀವಿಯ ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿ.

ಯಾಕೆಂದರೆ ಉಳಿದ ಕಡೆ ಆದದ್ದು ಬೇರೆ. ನೋಡುಗರ ಅಭಿಪ್ರಾಯ ಎಂದರೆ ಟಿಆರ್‌ಪಿ ಎಂದಾಗಿದೆ. ಕೆಲವು ಮನೆಗಳ ಟೀವಿಗೆ ಮಾಪಕ ಕೂಡಿಸಿ, ಯಾವ ವಾಹಿನಿ ಎಷ್ಟು ಹೊತ್ತು ಚಾಲೂ ಇತ್ತು ಎಂದು ಲೆಕ್ಕ ಹಾಕುವ ಪದ್ಧತಿ ಅದು. ಆ ಲೆಕ್ಕದಲ್ಲಿ ಬಹಳ ವರ್ಷ ಹಳ್ಳಿಯೇ ಇರಲಿಲ್ಲ. ಈ ಲೆಕ್ಕ ಇಡುವ ಬಾರ್ಕ್ ಸಂಸ್ಥೆ ಹಳ್ಳಿಯ ಮನೆಗಳನ್ನೂ ಎಣಿಕೆಗೆ ತಂದದ್ದು 2015ರ ಅಕ್ಟೋಬರಿನಲ್ಲಿ. ಅಂದರೆ ‘ಮಾಯಾಮೃಗ’ದ ಕಾಲದಲ್ಲಿ, ‘ಮುಕ್ತ’ದ ಕಾಲದಲ್ಲಿ, ‘ಪುಟ್ಟಗೌರಿ’ಯ ಮೊದಲ ಸುಮಾರು ಮೂರು ವರ್ಷಗಳಲ್ಲಿ ಹುಮನಾಬಾದ್ ಸೀಮೆಯ ಹಳ್ಳಿಯೊಂದರಲ್ಲಿ ಕಣ್ಣೊರೆಸಿಕೊಂಡ ಹೆಂಗಸು ಯಾವ ಅಂಕಿಯಲ್ಲೂ ಇಲ್ಲ. ಈಗಲೂ ಮಾಪಕಕ್ಕೆ ತಿಳಿಯುವುದು ಟೀವಿ ಹಚ್ಚಿತ್ತು, ಅದರ ಮುಂದೆ ಯಾರಿದ್ದರು ಎಂಬುದಷ್ಟೇ. ಬೈಯುತ್ತಾ ನೋಡಿದರೋ, ಅಳುತ್ತಾ ನೋಡಿದರೋ, ಅದು ಗೊತ್ತಾಗುವುದಿಲ್ಲ.

ಈ ಭಾಗಕ್ಕೆ ಇದು ಇನ್ನೂ ಹೆಚ್ಚು ನೋವಿನ ವಿಷಯ, ಕಾರಣ ಕರ್ನಾಟಕದಲ್ಲಿ ಟೀವಿ ಮೊದಲು ಬಂದದ್ದು ಬೆಂಗಳೂರಿಗಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಸೈಟ್ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಪೆಟ್ಟಿಗೆ ಬಂದವು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯ ದೊಡ್ಡ ಬುಟ್ಟಿಯೇ ಆಂಟೆನಾ. ಸಂಜೆ ಊರಿಗೆ ಊರೇ ಒಂದು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂರುತ್ತಿತ್ತು. 1977ರ ಸೆಪ್ಟೆಂಬರ್ 3ರಂದು ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ಅದು ಬಂದದ್ದು 1981ರ ನವೆಂಬರಿನಲ್ಲಿ.

ಆ ಪ್ರಯೋಗದ ಕಾಲದಲ್ಲಿ ಸಮಾಜ ವಿಜ್ಞಾನಿಗಳು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ಉಳಿದು, ಜನ ಏನು ನೋಡಿದರು, ಏನು ತಿಳಿದುಕೊಂಡರು, ಯಾವುದು ಬೇಡವೆಂದರು ಎಂದು ಕೇಳಿ ಬರೆದುಕೊಂಡರು. ಸರ್ಕಾರದ ದುಡ್ಡಿನಲ್ಲಿ, ಇಸ್ರೋದ ಉಸ್ತುವಾರಿಯಲ್ಲಿ ಆದ ಕೆಲಸ ಅದು. ಕನ್ನಡದಲ್ಲಿ ಒಂದು ವಾಹಿನಿಯೂ ಇಲ್ಲದಿದ್ದಾಗ ಕೇಳಿದ ಪ್ರಶ್ನೆಯನ್ನು ಹತ್ತಾರು ವಾಹಿನಿ ಬಂದ ಮೇಲೆ ಯಾರೂ ಕೇಳುತ್ತಿಲ್ಲ.

ಮನ್ನಾಏಖೇಳ್ಳಿಯಂಥ ಊರಿನಲ್ಲಿ ಕೇಳಿದರೆ ಬೇರೆಲ್ಲೂ ಸಿಗದ ಉತ್ತರ ಸಿಗುತ್ತದೆ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿನ ಈ ಊರಿನ ಕಿವಿಗೆ ಕನ್ನಡ, ದಖನಿ, ತೆಲುಗು, ಮರಾಠಿ ನಾಲ್ಕೂ ಬೀಳುತ್ತವೆ. ‘ಬಾಲಿಕಾ ವಧು’ವನ್ನು ಹಿಂದಿಯಲ್ಲಿ ನೋಡಿದ ಮನೆ, ಅದನ್ನೇ ತೆಲುಗಿನ ‘ಚಿನ್ನಾರಿ ಪೆಳ್ಳಿಕೂತುರು’ ಆಗಿ ನೋಡಿದ ಮನೆ, ‘ಪುಟ್ಟಗೌರಿ’ಯಾಗಿ ನೋಡಿದ ಮನೆ ಒಂದೇ ಗಲ್ಲಿಯಲ್ಲಿ ಇರಬಹುದು. ‘ಬಾಲಿಕಾ ವಧು’ವಿನ ಆನಂದಿ ಹೆಚ್ಚೋ ಗೌರಿ ಹೆಚ್ಚೋ ಎಂಬ ಇಲ್ಲಿಯ ವಾದ ಮೈಸೂರಿನ ಓಣಿಯಲ್ಲಿ ಅಷ್ಟು ಸುಲಭಕ್ಕೆ ಹುಟ್ಟದು. ತೌಲನಿಕ ಸಾಹಿತ್ಯ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸುವುದನ್ನು ಇಲ್ಲಿನ ಹೆಂಗಸರು ರೊಟ್ಟಿ ತಟ್ಟುತ್ತಾ ಮಾಡುತ್ತಾರೆ.

ಹೊಸ ಕಥೆಯ ಮೊದಲ ದಿನ ಮುನಿದವರೂ ಸರಿ, ಮೆಚ್ಚಿದವರೂ ಸರಿ ಎಂದು ತೇಲಿಸಿ ಬಿಡುವುದು ಈ ಉಪನ್ಯಾಸದ ಉದ್ದೇಶವಲ್ಲ. ತಾಯಿಕಥೆ ನೋಡದೆ ಬಿಟ್ಟ ಕಡೆಗೆ ಕಣ್ಣು ಹಾಯಿಸಿದ ಟಿಸಿಲು ಉಳಿಯುತ್ತದೆ. ರನ್ನ ಮಾಡಿದ್ದು ಅದು, ಲಾಸ್ ಏಂಜಲೀಸಿನ ಆ ಸಂಸಾರದ ಕಥೆ ತನ್ನ ಒಳ್ಳೆಯ ವರ್ಷಗಳಲ್ಲಿ ಮಾಡಿದ್ದೂ ಅದು. ಹೆಸರನ್ನಷ್ಟೇ ಸಾಲ ತಂದ ಟಿಸಿಲು ಉಳಿಯದು. ಮೊದಲ ಕಂತಿನಲ್ಲಿ ಈ ವ್ಯತ್ಯಾಸ ಕಾಣುವುದು ಮುನಿದ ನೋಡುಗರಿಗೆ. ಹೊಗಳುವವರು ಕಾಯುತ್ತಾರೆ, ಮುನಿದವರು ಏನು ಕಳೆಯಿತೆಂದು ಬಾಯಿಬಿಟ್ಟು ಹೇಳುತ್ತಾರೆ. ವಾಹಿನಿಗಳು ಮೊದಲು ಕೇಳಬೇಕಾದದ್ದು ಅವರ ಮಾತು.

ಹುಮನಾಬಾದ್, ಬಸವಕಲ್ಯಾಣ, ಚಿಟಗುಪ್ಪದ ಕಾಲೇಜುಗಳಲ್ಲಿ ಕನ್ನಡ ಓದುತ್ತಿರುವ ಮಕ್ಕಳಲ್ಲಿ ಒಂದು ಬೇಡಿಕೆ. ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಮನೆಯಲ್ಲಿ ಮುತ್ತ್ಯಾ, ಆಯಿ, ಅತ್ತಿ, ಕಾಕಾ ಯಾರಿದ್ದರೂ ಅವರ ಹತ್ತಿರ ಕೂತು, ಮೊದಲ ಸಲ ಟೀವಿ ನೋಡಿದ್ದು ಎಲ್ಲಿ, ಯಾವ ಕಥೆಗೆ ಅತ್ತಿರಿ, ಯಾವ ಹೊಸ ಧಾರಾವಾಹಿಗೆ ಬೈದು ಎದ್ದು ಹೋದಿರಿ, ಯಾಕೆ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ತಿದ್ದದೆ, ತಾರೀಖು ಹಾಕಿ ಬರೆದಿಡಿ. 1977ರಲ್ಲಿ ಕಲಬುರಗಿ ಕೇಂದ್ರ ಶುರುವಾದಾಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. ಈ ಕೆಲಸ ಈ ವರ್ಷವೇ ಆಗಬೇಕು.